ಬೇರೆಯವನ ಹೆಸರು ಹೊತ್ತವನು

(ತುಮಕೂರಿನ ಓದುಗರ ಬಳಗವೊಂದರ ಭಾನುವಾರದ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ಇಲ್ಲಿ ಪ್ರತಿ ತಿಂಗಳೂ ಒಂದು ಕಾದಂಬರಿಯನ್ನೋ ಕಾವ್ಯವನ್ನೋ ಹಿಡಿದು ಮಾತಾಡುತ್ತೀರಿ. ಈ ಸಲ ನಾನು ತಂದಿರುವುದು ಒಂದು ಕಂಪ್ಯೂಟರ್ ಗೇಮಿನ ಪಾತ್ರ. ನಾಯಕನಲ್ಲ, ನಾಯಕನ ಜೊತೆ ನಡೆಯುವವರಲ್ಲಿ ಒಬ್ಬ, ಹೆಸರು ಬ್ಲ್ಯಾಕ್‌ವಾಲ್. ಇಪ್ಪತ್ತು ವರ್ಷದಿಂದ ಹಳಗನ್ನಡ ಪಾಠ ಮಾಡುತ್ತಿರುವ ನಾನು ಇದನ್ನು ಆಯ್ದುಕೊಂಡದ್ದಕ್ಕೆ ಒಂದು ಕಾರಣವಿದೆ. ತಪ್ಪು ಮಾಡಿದ ಮನುಷ್ಯ ಆಮೇಲೆ ಹೇಗೆ ಬದುಕಬೇಕು ಅನ್ನುವ ಪ್ರಶ್ನೆಯನ್ನು ಇವನಷ್ಟು ಹತ್ತಿರದಿಂದ ನನ್ನ ಮುಂದೆ ಇಟ್ಟ ಪಾತ್ರಗಳು ಕಡಿಮೆ. ಕಥೆಯ ಗುಟ್ಟು ಪೂರ್ತಿ ಬಿಟ್ಟುಕೊಡುತ್ತೇನೆ. ಆಡಬೇಕು ಎಂದುಕೊಂಡಿರುವ ಹುಡುಗರು ಇದ್ದರೆ ಈಗಲೇ ಹೇಳಿಬಿಟ್ಟಿದ್ದೇನೆ.

ಗೇಮಿನ ಹೆಸರು ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್. ಕೆನಡಾದ ಬಯೋವೇರ್ ಸಂಸ್ಥೆ ಮಾಡಿದ್ದು, 2014ರ ನವೆಂಬರಿನಲ್ಲಿ ಬಂತು. ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಎಂಬ ಬಹುಮಾನ ಇದಕ್ಕೇ ಸಿಕ್ಕಿತು. ನನಗೆ ತೋರಿಸಿದವನು ಅಕ್ಕನ ಮಗ. ಇಂಜಿನಿಯರಿಂಗ್ ಓದುತ್ತಾ ನಮ್ಮ ಮನೆಯಲ್ಲೇ ಇದ್ದ. ರಾತ್ರಿ ಊಟ ಆದಮೇಲೆ ಅವನು ಆಡುವುದು, ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡುವುದು. ಸ್ವಲ್ಪ ದಿನಕ್ಕೆ ನಾನೇ ಮೊದಲಿನಿಂದ ಶುರು ಮಾಡಿದೆ.

ಆಟದ ಲೋಕಕ್ಕೆ ಥೇಡಸ್ ಎಂದು ಹೆಸರು. ನೆಲದ ಅಡಿಯ ಸುರಂಗಗಳಿಂದ ಡಾರ್ಕ್‌ಸ್ಪಾನ್ ಎಂಬ ಪಿಶಾಚಿ ಪಡೆ ಎದ್ದು ಬರುತ್ತದೆ. ಅದನ್ನು ತಡೆಯಲೆಂದೇ ಇರುವ ಒಂದು ಪಂಗಡ ಗ್ರೇ ವಾರ್ಡನ್‌ಗಳು. ನಮ್ಮಲ್ಲಿ ವಾರ್ಡನ್ ಅಂದ ಕೂಡಲೇ ಬೀಗದ ಕೈ ಹಿಡಿದ ಹಾಸ್ಟೆಲ್ ವಾರ್ಡನ್ ಕಣ್ಣ ಮುಂದೆ ಬರುತ್ತಾರೆ. ಆ ಹಾಸ್ಟೆಲ್ಲಿಗೂ ಆಮೇಲೆ ಬರುತ್ತೇನೆ, ನನಗೆ ಅಲ್ಲಿ ಒಂದು ಕೆಲಸವಿದೆ. ಆಟದ ವಾರ್ಡನ್‌ಗಳು ಕಾವಲುಗಾರರು. ದೀಕ್ಷೆಯಲ್ಲಿ ಡಾರ್ಕ್‌ಸ್ಪಾನ್‌ಗಳ ರಕ್ತವನ್ನೇ ಕುಡಿಯಬೇಕು. ಕೆಲವರು ಅಲ್ಲೇ ಸಾಯುತ್ತಾರೆ. ಬದುಕಿದವರಿಗೂ ಎಷ್ಟೋ ವರ್ಷಗಳ ಮೇಲೆ ಕಿವಿಯೊಳಗೆ ಒಂದು ಕರೆ ಕೇಳಲು ಶುರುವಾಗುತ್ತದೆ. ಆಗ ಸುರಂಗಕ್ಕೆ ಇಳಿದು ಹೋರಾಡುತ್ತಾ ಸಾಯುವುದು ಅವರ ಪದ್ಧತಿ. ಈ ಪಂಗಡಕ್ಕೆ ಯಾರು ಬೇಕಾದರೂ ಸೇರಬಹುದು, ಕಳ್ಳರು, ಕೊಲೆಗಾರರು ಕೂಡ. ಸೇರಿದ ದಿನಕ್ಕೆ ಹಿಂದಿನ ಲೆಕ್ಕ ಚುಕ್ತಾ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ.

ಬ್ಲ್ಯಾಕ್‌ವಾಲ್ ನಮಗೆ ಮೊದಲು ಸಿಗುವುದು ಒಂದು ಕೆರೆಯ ದಡದ ಗುಡಿಸಿಲ ಹತ್ತಿರ. ಗಡ್ಡ ಬಿಟ್ಟ, ಗಟ್ಟಿ ದನಿಯ ಮನುಷ್ಯ. ದರೋಡೆಕೋರರ ಕಾಟಕ್ಕೆ ಸಿಕ್ಕಿದ ಮೂವರು ರೈತರನ್ನು ನಿಲ್ಲಿಸಿಕೊಂಡು ಗುರಾಣಿ ಹಿಡಿಯುವುದು ಹೇಗೆಂದು ಹೇಳಿಕೊಡುತ್ತಿರುತ್ತಾನೆ. ನಾವು ಹೋಗಿ ಮಾತಾಡಿಸುವಷ್ಟರಲ್ಲಿ ಎಲ್ಲಿಂದಲೋ ಒಂದು ಬಾಣ. ಗುರುತು ಪರಿಚಯವಿಲ್ಲದ ನಮಗೆ ತನ್ನ ಗುರಾಣಿ ಅಡ್ಡ ಹಿಡಿಯುತ್ತಾನೆ. ಜಗಳ ಮುಗಿದ ಮೇಲೆ ರೈತರಿಗೆ, ನಿಮ್ಮ ಸಾಮಾನು ತಗೊಂಡು ಹೆಂಡತಿ ಮಕ್ಕಳ ಹತ್ತಿರ ಹೋಗಿ ಎನ್ನುತ್ತಾನೆ. ತಾನು ಗ್ರೇ ವಾರ್ಡನ್ ಬ್ಲ್ಯಾಕ್‌ವಾಲ್ ಎಂದು ಹೇಳಿ ನಮ್ಮ ಜೊತೆ ಬರುತ್ತಾನೆ.

ಮುಂದೆ ನಾವು, ಅಂದರೆ ಆಡುವವರು, ಇನ್‌ಕ್ವಿಸಿಷನ್ ಎಂಬ ಪಡೆಯ ಮುಖ್ಯಸ್ಥರಾಗುತ್ತೇವೆ. ನಮ್ಮ ಕೋಟೆಯಲ್ಲಿ ಎಲ್ಲರಿಗೂ ಕೋಣೆ ಇದ್ದರೂ ಇವನು ಕುದುರೆ ಲಾಯದಲ್ಲೇ ಉಳಿಯುತ್ತಾನೆ. ಯಾವಾಗ ಹೋದರೂ ಕೈಯಲ್ಲಿ ಉಳಿ. ಮಕ್ಕಳು ಕೂತು ತೂಗಾಡುವ ಒಂದು ಮರದ ಆಟಿಕೆ ಕೆತ್ತುತ್ತಿರುತ್ತಾನೆ. ಕುದುರೆಯಲ್ಲ, ಹದ್ದಿನ ತಲೆ, ಸಿಂಹದ ಮೈ ಇರುವ ಗ್ರಿಫನ್ ಎಂಬ ಪ್ರಾಣಿ. ವಾರ್ಡನ್‌ಗಳ ಲಾಂಛನ ಅದು. ಆಟದ ಒಂದು ಘಟ್ಟದಲ್ಲಿ ಆ ಸೀಮೆಯ ವಾರ್ಡನ್‌ಗಳಿಗೆಲ್ಲ ಸಾವಿನ ಕರೆ ಕೇಳಿಸಿ ಕಂಗಾಲಾಗುತ್ತಾರೆ. ನಿನಗೂ ಕೇಳಿಸುತ್ತಿದೆಯಾ ಎಂದು ಇವನನ್ನು ಕೇಳಿದರೆ, ನನಗೆ ಅದರ ಭಯವಿಲ್ಲ, ಹೆದರಿದಷ್ಟೂ ಅದಕ್ಕೆ ಬಲ ಎನ್ನುತ್ತಾನೆ. ಎಂಥ ಧೀರ ಅನ್ನಿಸುತ್ತದೆ. ಎರಡನೇ ಸಲ ಆಡುವಾಗ ಅದೇ ಮಾತು ಬೇರೆಯದೇ ಆಗಿ ಕೇಳಿತು. ಅವನು ಸುಳ್ಳು ಹೇಳಿಲ್ಲ. ಕೇಳಿದ್ದಕ್ಕೆ ಉತ್ತರವನ್ನೂ ಕೊಟ್ಟಿಲ್ಲ.

ಒಂದು ದಿನ ಲಾಯ ಖಾಲಿ. ಓರ್ಲೇ ಸಾಮ್ರಾಜ್ಯದ ರಾಜಧಾನಿಯಲ್ಲಿ ಮೊರ್ನೇ ಎಂಬ ಹಳೆಯ ಸೈನಿಕನನ್ನು ಗಲ್ಲಿಗೆ ಹಾಕುತ್ತಾರೆ ಎಂಬ ಸುದ್ದಿಯ ಜಾಡು ಹಿಡಿದು ನಾವು ಅಲ್ಲಿಗೆ ಹೋಗುತ್ತೇವೆ. ಜನ ಸೇರಿದ್ದಾರೆ, ಕುಣಿಕೆ ಸಿದ್ಧವಾಗಿದೆ. ಆಗ ಬ್ಲ್ಯಾಕ್‌ವಾಲ್ ಮೆಟ್ಟಿಲು ಹತ್ತಿ ಬರುತ್ತಾನೆ. ಇವನು ಬರೀ ಆಜ್ಞೆ ಪಾಲಿಸಿದವನು, ಆಜ್ಞೆ ಕೊಟ್ಟವನು ನಾನು ಎನ್ನುತ್ತಾನೆ. ಬ್ಲ್ಯಾಕ್‌ವಾಲ್ ಸತ್ತು ವರ್ಷಗಳಾದವು, ನಾನು ಥಾಮ್ ರೇನಿಯರ್ ಎನ್ನುತ್ತಾನೆ.

ರೇನಿಯರ್ ಸಾಮ್ರಾಜ್ಯದ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವನು. ಸಾಮ್ರಾಜ್ಞಿಯ ಪಕ್ಷದ ಕ್ಯಾಲಿಯರ್ ಎಂಬ ಜನರಲ್‌ನನ್ನು ಮುಗಿಸಲು ಹಣ ತಗೊಂಡ. ತನ್ನ ಹುಡುಗರಿಗೆ ಇದು ಸರ್ಕಾರದ ಕೆಲಸ ಅನ್ನುವ ಹಾಗೆ ನಂಬಿಸಿದ. ದಾಳಿಯಾದಾಗ ಆ ಗಾಡಿಯಲ್ಲಿ ಜನರಲ್‌ನ ಹೆಂಡತಿ ಮಕ್ಕಳೂ ಇದ್ದರು. ಯಾರೂ ಉಳಿಯಲಿಲ್ಲ. ಸುದ್ದಿ ಹೊರಬಿದ್ದ ಮೇಲೆ ರೇನಿಯರ್ ಓಡಿಹೋದ. ಹುಡುಗರಲ್ಲಿ ಹಲವರು ಸಿಕ್ಕಿಬಿದ್ದರು, ನೇಣಿಗೆ ಹೋದರು.

ಓಡುತ್ತಾ ಓಡುತ್ತಾ ಒಂದು ಹೆಂಡದಂಗಡಿಯಲ್ಲಿ ಅವನಿಗೆ ನಿಜವಾದ ಬ್ಲ್ಯಾಕ್‌ವಾಲ್ ಸಿಗುತ್ತಾನೆ. ಆ ಮಹಾನುಭಾವ ಇವನಲ್ಲಿ ಏನೋ ಕಂಡು, ವಾರ್ಡನ್ ಆಗು ಬಾ ಎಂದು ಕರೆದುಕೊಂಡು ಹೊರಡುತ್ತಾನೆ. ಲೆಕ್ಕ ಚುಕ್ತಾ ಆಗುವ ದಾರಿ ಇನ್ನೇನು ಸಿಕ್ಕಿತು. ಅಷ್ಟರಲ್ಲಿ ಡಾರ್ಕ್‌ಸ್ಪಾನ್‌ಗಳು ಮೇಲೆ ಬೀಳುತ್ತವೆ. ಇವನಿಗೆ ಬೀಳಬೇಕಿದ್ದ ಏಟಿಗೆ ಬ್ಲ್ಯಾಕ್‌ವಾಲ್ ಅಡ್ಡ ಬಂದು ಸಾಯುತ್ತಾನೆ. ಒಬ್ಬನೇ ಹೋಗಿ ಹೇಳಿದರೆ ಯಾರು ನಂಬುತ್ತಾರೆ, ನಾನೇ ಕೊಂದೆ ಎನ್ನುತ್ತಾರೆ ಎಂದು ಹೆದರಿ ಸತ್ತವನ ಹೆಸರನ್ನೇ ತನಗೆ ಇಟ್ಟುಕೊಂಡ. ಆ ರೈತರಿಗೆ ಗುರಾಣಿ ಹಿಡಿಯಲು ಕಲಿಸಿದ್ದು, ನಮಗೆ ಬಾಣ ತಡೆದದ್ದು ಎಲ್ಲ ಆ ಸಾಲದ ಹೆಸರಿನಲ್ಲಿ.

ಈಗ ಹೇಳಿ, ಆ ಒಳ್ಳೆಯ ಕೆಲಸಗಳು ಸುಳ್ಳೇ? ಮೂವರು ರೈತರು ಮನೆಗೆ ಹೋದದ್ದು ನಿಜ. ಬಾಣ ನಿಂತದ್ದು ನಿಜ. ನಮ್ಮ ಸೀಮೆಯ ಹಳ್ಳಿಗಳಲ್ಲಿ, ಶಿರಾ ಕಡೆ, ಪಾವಗಡ ಕಡೆ ಹೋದರೆ ಊರ ಹೊರಗೆ ವೀರಗಲ್ಲು ನೋಡುತ್ತೀರಿ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಅವನು ಕೂತಿರುವುದು. ನಿಜವಾದ ಬ್ಲ್ಯಾಕ್‌ವಾಲ್ ಅಂಥ ಕಲ್ಲಿಗೆ ಯೋಗ್ಯನಾದವನು, ಇನ್ನೊಬ್ಬನ ಜೀವ ಉಳಿಸಿ ಸತ್ತವನು. ಅವನಿಗೆ ಕಲ್ಲು ನಿಲ್ಲಿಸುವವರು ಇರಲಿಲ್ಲ. ಉಳಿದವನು ತಾನೇ ನಡೆದಾಡುವ ಕಲ್ಲಾದ. ಹೆಸರು ಕದ್ದ ಅನ್ನುವುದು ಸರಿ. ಆ ಹೆಸರು ಸಾಯದ ಹಾಗೆ ನೋಡಿಕೊಂಡ ಅನ್ನುವುದೂ ಸರಿ. ಈ ಎರಡರಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಲು ನನಗೆ ಆಗಿಲ್ಲ.

ಜೈಲಿನ ಕಂಬಿಯ ಹಿಂದೆ ಕೂತು ಅವನು ಒಂದು ಕಥೆ ಹೇಳುತ್ತಾನೆ. ಇಡೀ ಆಟದಲ್ಲಿ ನನ್ನನ್ನು ಕಲಕಿದ ಜಾಗ ಅದು. ಚಿಕ್ಕವನಿದ್ದಾಗ ಬೀದಿ ಹುಡುಗರು ಒಂದು ಮುದಿ ನಾಯಿಯನ್ನು ಮೂಲೆಗೆ ಒತ್ತಿ, ಕೊರಳಿಗೆ ಹಗ್ಗ ಹಾಕಿ ನೇತುಹಾಕಿದ್ದನ್ನು ಕಂಡಿದ್ದನಂತೆ. ತಡೆಯಬಹುದಿತ್ತು, ದೊಡ್ಡವರನ್ನು ಕೂಗಬಹುದಿತ್ತು. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಅಷ್ಟು ದೊಡ್ಡ ಕೊಲೆಯ ಆರೋಪಿ ಸಾವಿನ ಹಿಂದಿನ ದಿನಗಳಲ್ಲಿ ನೆನೆಯುವುದು ಒಂದು ನಾಯಿಯನ್ನು, ತಾನು ಮುಟ್ಟಿಯೂ ಇಲ್ಲದ ಒಂದು ಪಾಪವನ್ನು. ಬರೆದವರಿಗೆ ಮನುಷ್ಯನ ಮನಸ್ಸು ಗೊತ್ತು. ದೊಡ್ಡ ಪಾಪ ಒಂದೇ ದಿನ ಹುಟ್ಟುವುದಿಲ್ಲ, ಅದಕ್ಕೂ ಒಂದು ಬಾಲ್ಯ ಇರುತ್ತದೆ. ಹಾಕಿಕೊಂಡ ಆ ಬಾಗಿಲ ಹಿಂದೆ ಅದು ಬೆಳೆಯುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಆಟದಲ್ಲಿ ಕೋಲ್ ಎಂಬ ಹುಡುಗ ಬರುತ್ತಾನೆ, ಬೇರೆಯವರ ನೋವು ಅವನಿಗೆ ಕೇಳಿಸುತ್ತದೆ. ದಾರಿಯಲ್ಲಿ ನಡೆಯುವಾಗ ಅವನು ಬ್ಲ್ಯಾಕ್‌ವಾಲ್‌ನ ಎದೆಯಿಂದ ಒಂದು ಮಕ್ಕಳ ಹಾಡು ಎತ್ತಿ ಹೇಳುತ್ತಾನೆ. ಆ ಗಾಡಿಯಲ್ಲಿ ಮಕ್ಕಳು ಹಾಡುತ್ತಾ ಇದ್ದರು. ಅದನ್ನು ಕಿವಿಯಾರೆ ಕೇಳಿದ ಮೇಲೂ ಅವನು ದಾಳಿ ನಿಲ್ಲಿಸಲಿಲ್ಲ. ಆಮೇಲೆ ಆ ಲಾಯಕ್ಕೆ ಹೋಗಿ ಮರದ ಆಟಿಕೆಯ ಮುಂದೆ ನಿಂತರೆ ಕಾಲು ಅಲ್ಲೇ ನೆಟ್ಟುಹೋಗುತ್ತದೆ.

ನಾವೆಲ್ಲ ಚಿಕ್ಕಂದಿನಿಂದ ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರು. ಕೊಟ್ಟ ಮಾತಿಗೆ ಹಸು ವಾಪಸು ಬರುತ್ತದೆ, ಹುಲಿಗೆ ಪಶ್ಚಾತ್ತಾಪವಾಗುತ್ತದೆ, ಹಾರಿ ಪ್ರಾಣ ಬಿಡುತ್ತದೆ. ಪಾಪ ಕಂಡವನು ಸಾಯಬೇಕು ಅನ್ನುವುದು ನಮ್ಮ ರಕ್ತಕ್ಕೆ ಅಲ್ಲಿಂದಲೇ ಇಳಿದಿದೆ ಅನ್ನಿಸುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿಗೆ ಅದನ್ನು ಹೇಳುವಾಗ, ಹುಲಿ ಯಾಕೆ ಸಾಯಬೇಕಿತ್ತು, ಹಸುವಿನ ಜೊತೆ ಇರಬಹುದಿತ್ತಲ್ಲ ಎಂದು ಕೇಳುತ್ತಾರೆ. ಕೇಳಿಸಿಕೊಳ್ಳಬೇಕಾದ ಪ್ರಶ್ನೆ ಅದು. ಒಂದು ವಿಷಯ ಗಮನಿಸಿ, ಆ ಹುಲಿ ಪುಣ್ಯಕೋಟಿಯನ್ನು ತಿಂದಿರಲಿಲ್ಲ. ಮಾಡದೆ ಉಳಿದ ಪಾಪಕ್ಕೆ ಅದು ಸತ್ತಿತು. ಅದಕ್ಕೇ ಆ ಸಾವು ಅಷ್ಟು ಶುಭ್ರ. ರೇನಿಯರ್ ತಿಂದ ಹುಲಿ. ಹಸುವೂ ಇಲ್ಲ, ಕರುವೂ ಇಲ್ಲ. ಇವನು ಹಾರಿ ಬಿದ್ದರೆ ಯಾರಿಗೆ ಏನು ಸಂದಾಯವಾಗುತ್ತದೆ?

ಗಲ್ಲುಗಂಬ ಹತ್ತಿದಾಗ ಅವನು ಬೇಡಿದ್ದು ಹುಲಿಯ ಸಾವನ್ನೇ. ಮೊರ್ನೇ ಉಳಿಯಲಿ, ನಾನು ಹೋಗುತ್ತೇನೆ. ತ್ಯಾಗ ಅದು, ಅನುಮಾನವಿಲ್ಲ. ಮುಂಚೆ ಸತ್ತ ಹುಡುಗರ ಪಾಲಿಗೆ ಬಹಳ ತಡವಾಗಿ ಬಂದ ತ್ಯಾಗ ಎನ್ನುವುದರಲ್ಲೂ ಅನುಮಾನವಿಲ್ಲ. ಆದರೆ ಆಟ ಅವನಿಗೆ ಆ ಸಾವನ್ನು ಸುಲಭವಾಗಿ ಕೊಡುವುದಿಲ್ಲ. ನಮ್ಮ ಪ್ರಭಾವ ಬಳಸಿ ಅವನನ್ನು ಅಲ್ಲಿಂದ ಬಿಡಿಸಿ ನಮ್ಮ ಕೋಟೆಗೆ ತರಿಸಬಹುದು. ಬೇಡಿ ಹಾಕಿ ತಂದು ನಿಲ್ಲಿಸುತ್ತಾರೆ. ಸಿಂಹಾಸನದ ಮೇಲೆ ಕೂತವರು ನಾವು. ಇಲ್ಲೇ ಕಾವ್ಯಕ್ಕೂ ಈ ಆಟಕ್ಕೂ ಇರುವ ವ್ಯತ್ಯಾಸ ನನಗೆ ಕಂಡದ್ದು. ಕಾವ್ಯ ಓದುವಾಗ ನಾನು ಕಣ್ಣೀರು ಹಾಕಿ ಪುಟ ತಿರುಗಿಸಬಹುದು. ಇಲ್ಲಿ ನಾನು ತೀರ್ಪು ಕೊಡುವವರೆಗೆ ಅವನು ತಲೆ ತಗ್ಗಿಸಿ ನಿಂತೇ ಇರುತ್ತಾನೆ. ಅವತ್ತು ರಾತ್ರಿ ನಾನು ಲ್ಯಾಪ್‌ಟಾಪ್ ಹಾಗೇ ತೆರೆದಿಟ್ಟು ಹಿತ್ತಲಿಗೆ ಹೋಗಿ ಬಹಳ ಹೊತ್ತು ನಿಂತಿದ್ದೆ.

ನಿಜವಾದ ವಾರ್ಡನ್‌ಗಳಿಗೆ ಒಪ್ಪಿಸಬಹುದು, ಕೆಲಸ ಮುಗಿದ ಮೇಲೆ ದೀಕ್ಷೆ ತಗೊಂಡು ಅವರಲ್ಲಿ ಒಬ್ಬನಾಗಲಿ ಎಂದು. ಅಥವಾ ನಿನ್ನ ಸ್ವಂತ ಹೆಸರಿನಲ್ಲೇ ಬದುಕಿ ಋಣ ತೀರಿಸು ಎಂದು ಬಿಡುಗಡೆ ಮಾಡಬಹುದು. ಬೇರೆ ದಾರಿಗಳೂ ಇವೆ, ಅವುಗಳಲ್ಲಿ ನನಗೆ ಆಸಕ್ತಿ ಹುಟ್ಟಲಿಲ್ಲ. ಇವನನ್ನು ಬಿಡಿಸಲು ಹೋಗದೆ ಆ ಜೈಲಿನಲ್ಲೇ ಬಿಟ್ಟು ಬರುವುದಕ್ಕೂ ಆಟದಲ್ಲಿ ಅವಕಾಶವಿದೆ. ನಾನು ಬಿಡುಗಡೆ ಮಾಡಿದೆ. ಅಕ್ಕನ ಮಗ ಜೈಲಿನಲ್ಲೇ ಬಿಟ್ಟಿದ್ದ. ಯಾಕೋ ಎಂದು ಕೇಳಿದೆ. "ಮಾವ, ನೀವು ಅವನ ಕಷ್ಟ ಕೇಳಿದ್ರಿ. ಆ ಗಾಡೀಲಿದ್ದ ಮಕ್ಕಳ ಕಡೆಯಿಂದ ಯಾರು ಮಾತಾಡ್ತಾರೆ?" ಎಂದ. ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ, ಇವತ್ತೂ ಇಲ್ಲ. ಮಾತು ಬಲ್ಲವನ ಪಶ್ಚಾತ್ತಾಪವನ್ನು ಕೇಳುವಾಗ, ಮಾತೇ ಉಳಿಯದವರನ್ನು ನಾವು ಮರೆಯುತ್ತೇವೆ. ಆ ಹುಡುಗ ಮರೆಯಲಿಲ್ಲ. ಆದರೂ ನನ್ನ ತೀರ್ಪನ್ನು ನಾನು ಬದಲಿಸಲಿಲ್ಲ. ಅದಕ್ಕೆ ಕಾರಣ ಹೇಳಬೇಕಾದರೆ ಆ ಹಾಸ್ಟೆಲ್ಲಿಗೆ ಹೋಗಬೇಕು.

ನಾನು ಸೆಕೆಂಡ್ ಪಿಯುಸಿಯಲ್ಲಿದ್ದೆ. ರಾತ್ರಿ ಸೆಕೆಂಡ್ ಶೋಗೆ ಹೋಗಬೇಕೆಂದು ಆಸೆ, ಒಬ್ಬನೇ ಹೋಗಲು ಧೈರ್ಯವಿಲ್ಲ. ಫಸ್ಟ್ ಪಿಯುಸಿಯ ಮೂವರು ಹುಡುಗರಿಗೆ, ವಾರ್ಡನ್ ಹತ್ತಿರ ಕೇಳಿದ್ದೀನಿ, ಒಪ್ಪಿಕೊಂಡಿದ್ದಾರೆ, ನಡೀರಿ ಎಂದೆ. ಕೇಳಿರಲಿಲ್ಲ. ವಾಪಸು ಬರುವಾಗ ಕಾಂಪೌಂಡು ಹತ್ತಿದ ಮೂವರೂ ಸಿಕ್ಕಿಬಿದ್ದರು. ಟಾರ್ಚ್ ಬೆಳಕು ಕಂಡು ಹಿಂದೆ ಇದ್ದ ನಾನು ಓಡಿದೆ. ಆ ಮೂವರೂ ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಮೂವರನ್ನೂ ಹಾಸ್ಟೆಲ್‌ನಿಂದ ತೆಗೆದರು. ಇಬ್ಬರು ರೂಮು ಮಾಡಿಕೊಂಡರು. ಮೂರನೆಯವನು ಪಾವಗಡ ಕಡೆಯವನು, ಅಪ್ಪನಿಗೆ ಇದ್ದದ್ದು ಶೇಂಗಾ ಹಾಕುವ ತುಂಡು ಹೊಲ. ರೂಮಿನ ಬಾಡಿಗೆ ಎಲ್ಲಿಂದ ಬರಬೇಕು? ಓದು ಅಲ್ಲಿಗೆ ನಿಂತಿತು. ನಾನು ಎಂಎ ಮಾಡಿದೆ, ಮೇಷ್ಟ್ರಾದೆ. ಒಳ್ಳೆಯ ಮೇಷ್ಟ್ರು ಅನ್ನಿಸಿಕೊಂಡೆ. ಫೀಸು ಕಟ್ಟಲಾಗದ ಹುಡುಗರಿಗೆ ಕೈಲಾದಷ್ಟು ಕಟ್ಟಿದ್ದೇನೆ. ಅದು ಯಾವ ಲೆಕ್ಕಕ್ಕೆ ಹೋಗುತ್ತಿದೆ ಎಂದು ನನಗೆ ಮಾತ್ರ ಗೊತ್ತಿತ್ತು.

ಆಟದ ಈ ಘಟ್ಟ ದಾಟಿದ ಮೇಲೆ ನಾನು ಆ ಮೂರನೆಯವನನ್ನು ಹುಡುಕಿಕೊಂಡು ಹೋದೆ. ತಿಪಟೂರಿನಲ್ಲಿ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಗುರುತು ಹಿಡಿದ. ಚೀಲಗಳ ಮಧ್ಯೆ ಒಂದು ಸ್ಟೂಲು ಹಾಕಿ ಕೂರಿಸಿ ಟೀ ತರಿಸಿದ. ನಾನು ಹೇಳಿದೆ. ಎಲ್ಲ ಕೇಳಿ, "ಈಗ್ಯಾಕಣ್ಣ ಇದನ್ನ ಹೇಳ್ತಾ ಇದ್ದೀಯ? ನಿನಗೆ ಹಗುರಾಗ್ಲಿ ಅಂತಲೋ, ನನಗೇನಾದ್ರೂ ಆಗ್ಲಿ ಅಂತಲೋ?" ಎಂದ. ಸಿಟ್ಟಿನಿಂದ ಅಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ. ಅಷ್ಟರಲ್ಲಿ ಲೋಡು ಬಂತು, ತೂಕ ನೋಡಲು ಎದ್ದು ಹೋದ. ಟೀ ಆರುವವರೆಗೂ ನಾನು ಅಲ್ಲೇ ಕೂತಿದ್ದೆ.

ದೇವಸ್ಥಾನದಲ್ಲಿ ತಪ್ಪುಕಾಣಿಕೆ ಕಟ್ಟುತ್ತೇವೆ, ಪಂಚಾಯ್ತಿಯಲ್ಲಿ ತಪ್ಪುದಂಡ ಕೊಡುತ್ತೇವೆ. ಎರಡರಲ್ಲೂ ಕೊಟ್ಟ ಮೇಲೆ ಮನೆಗೆ ಹೋಗಬಹುದು. ಗಲ್ಲುಗಂಬವೂ ಹಾಗೆಯೇ ಒಂದು ಕಾಣಿಕೆ, ಕೊಟ್ಟರೆ ಮುಗಿಯಿತು. ಮಂಡಿಯಲ್ಲಿ ನನ್ನನ್ನು ಕೇಳಿದ ಪ್ರಶ್ನೆ ಮುಗಿಯುವಂಥದ್ದಲ್ಲ. ರೇನಿಯರ್‌ಗೆ ಸಾವು ಬೇಡ, ಅವನ ಸ್ವಂತ ಹೆಸರೇ ಬೇಕು ಎಂದು ನಾನು ತೀರ್ಮಾನಿಸಿದ್ದು ದಯೆಯಿಂದ ಎಂದು ತಿಳಿಯಬೇಡಿ. ಎರಡರಲ್ಲಿ ಭಾರವಾದದ್ದು ಅದು. ಇನ್ನು ಮುಂದೆ ಊರೂರಲ್ಲಿ ಜನ ಅವನ ಹೆಸರು ಕೇಳಿದ ಕೂಡಲೇ ಆ ಮಕ್ಕಳ ಹೆಸರನ್ನೂ ನೆನೆಯುತ್ತಾರೆ. ಅಕ್ಕನ ಮಗ ಕೇಳಿದ ಪ್ರಶ್ನೆಗೆ ನನ್ನ ಕೈಯಲ್ಲಿ ಆಗುವ ಅರ್ಧ ಉತ್ತರ ಅದೊಂದೇ.

ನಮ್ಮ ಗೂಳೂರಿನ ಹತ್ತಿರದ ಕೈದಾಳ ನಿಮಗೆಲ್ಲ ಗೊತ್ತು. 12ನೇ ಶತಮಾನದ ಚೆನ್ನಕೇಶವನ ಗುಡಿ. ಜಕಣಾಚಾರಿಯ ಐತಿಹ್ಯವೂ ಗೊತ್ತು. ಹೆಂಡತಿಯನ್ನು, ಹುಟ್ಟಲಿರುವ ಮಗುವನ್ನು ಬಿಟ್ಟು ಶಿಲ್ಪದ ಹುಚ್ಚಿನಲ್ಲಿ ಹೊರಟುಹೋದವನು. ಬೇಲೂರಿನಲ್ಲಿ ಅವನು ಕೆತ್ತಿದ ಮೂರ್ತಿಯ ಕಲ್ಲಿನಲ್ಲಿ ದೋಷವಿದೆ ಎಂದು ಒಬ್ಬ ಹುಡುಗ ಹೇಳುತ್ತಾನೆ. ಇದ್ದರೆ ಕೈ ಕತ್ತರಿಸಿಕೊಳ್ಳುತ್ತೇನೆ ಎಂದು ಜಕಣಾಚಾರಿ ಆಣೆ ಇಡುತ್ತಾನೆ. ಕಲ್ಲಿನ ಒಳಗೆ ಕಪ್ಪೆ, ನೀರು. ಬಲಗೈ ಹೋಗುತ್ತದೆ. ಆಮೇಲೆ ಗೊತ್ತಾಗುತ್ತದೆ, ಆ ಹುಡುಗ ಅವನು ಬಿಟ್ಟುಬಂದ ಮಗ. ಶಾಲೆಯಲ್ಲಿ ಈ ಕಥೆಯನ್ನು ಕೈ ಕತ್ತರಿಸುವ ಜಾಗಕ್ಕೇ ಜೋರು ದನಿಯಲ್ಲಿ ಹೇಳುತ್ತಿದ್ದರು. ನಮ್ಮ ಸೀಮೆಯ ಕಥೆ ಇರುವುದು ಅಲ್ಲಿಂದ ಆಚೆ. ಅವನಿಗೆ ಕನಸಿನಲ್ಲಿ ಅಪ್ಪಣೆಯಾಗುತ್ತದೆ, ಹುಟ್ಟಿದ ಊರಿಗೆ ಹೋಗಿ ಕೇಶವನನ್ನು ಕೆತ್ತು ಎಂದು. ಬಿಟ್ಟು ಓಡಿದ ಊರಿಗೇ ಹೋಗಬೇಕು, ಕೈ ಇಲ್ಲದೆಯೇ ಕೆಲಸ ಶುರು ಮಾಡಬೇಕು. ಕೆಲಸ ಮುಗಿದ ಮೇಲೆ ಕೈ ಬಂತು, ಊರು ಕೈದಾಳವಾಯಿತು. ಕೈ ಕತ್ತರಿಸಿಕೊಂಡದ್ದಕ್ಕೆ ಯಾವ ಊರಿಗೂ ಹೆಸರು ಬರಲಿಲ್ಲ.

ತೀರ್ಪು ಆದಮೇಲೆ ರೇನಿಯರ್ ಹತ್ತಿರ ಹೋಗಿ ಮಾತಾಡಿಸಿದರೆ ಅವನು ಒಂದು ಮಾತು ಹೇಳುತ್ತಾನೆ. ಬ್ಲ್ಯಾಕ್‌ವಾಲ್ ಎಂದು ಕರೆದರೂ ಆದೀತು, ಆದರೆ ಅದನ್ನು ಹೆಸರು ಅಂದುಕೊಳ್ಳಬೇಡ, ಒಂದು ಪದವಿ ಅಂದುಕೋ, ನಾನು ಏನಾಗಬೇಕು ಎಂಬುದನ್ನು ಅದು ನೆನಪಿಸುತ್ತದೆ ಎನ್ನುತ್ತಾನೆ. ಅಡಗಿಕೊಳ್ಳಲು ಹೊದ್ದುಕೊಂಡಿದ್ದ ಕಂಬಳಿಯನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡ ಹಾಗೆ. ಈಗ ಅದು ಎಲ್ಲರಿಗೂ ಕಾಣುತ್ತದೆ.

ನಾನು ತಿಪಟೂರಿಗೆ ಈಗಲೂ ಹೋಗುತ್ತೇನೆ, ಎರಡು ಮೂರು ತಿಂಗಳಿಗೊಮ್ಮೆ. ಆ ಪ್ರಶ್ನೆಯನ್ನು ಅವನು ಮತ್ತೆ ಕೇಳಿಲ್ಲ, ನಾನೂ ಉತ್ತರ ಹೇಳಿಲ್ಲ. ಹೋದ ಸಲ ಅವನ ಮಗಳು ಪಿಯುಸಿಯ ಕನ್ನಡ ಪುಸ್ತಕ ತಂದಿದ್ದಳು, ಒಂದು ಪದ್ಯದ ಅರ್ಥ ತಿಳಿಯುತ್ತಿಲ್ಲ ಎಂದು. ಕೊಬ್ಬರಿ ಚೀಲದ ಮೇಲೆ ಕೂತು ಬಿಡಿಸಿ ಹೇಳಿದೆ. ಅವನು ತಕ್ಕಡಿಯ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದ.